ಮೊದಲು ನಿವಾಸಿ, ತದನಂತರ ಒಡೆಯ

1956ನೆಯ ಇಸವಿಯ ನವೆಂಬರ್ 1ರಂದು ಧಾರವಾಡ ಜಿಲ್ಲೆಯ ಜನ ತಮ್ಮ ಮನೆಯ ಹೊಸ್ತಿಲನ್ನು ದಾಟದೆಯೇ ಒಂದು ರಾಜ್ಯವನ್ನು ಬಿಟ್ಟು ಇನ್ನೊಂದು ರಾಜ್ಯವನ್ನು ಸೇರಿದರು. ಹಿಂದಿನ ರಾತ್ರಿಯವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಅವರ ಹೊಲ ಮನೆಗಳೂ ಶಾಲೆ ಕಚೇರಿಗಳೂ ಬೆಳಗಾಗುವಷ್ಟರಲ್ಲಿ ಮೈಸೂರು ರಾಜ್ಯದವಾಗಿದ್ದವು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಧಾರವಾಡದಲ್ಲಿ ಹುಟ್ಟಿದಂದಿನಿಂದ, 1953ರಲ್ಲಿ ಹುಬ್ಬಳ್ಳಿಯ ಸಮೀಪದ ಅದರಗುಂಚಿಯಲ್ಲಿ ಶಂಕರಗೌಡರು ಏಕೀಕರಣಕ್ಕಾಗಿ ಕೈಕೊಂಡ ಉಪವಾಸದವರೆಗೆ, ತಲೆಮಾರುಗಳ ಹಂಬಲವೂ ದುಡಿಮೆಯೂ ಫಲಿಸಿದ ದಿನವದು. ಸೊಲ್ಲಾಪುರದ ಕಾಲೇಜಿನಲ್ಲಿ 1944ರಿಂದ ಕನ್ನಡ ಪ್ರಾಧ್ಯಾಪಕರಾಗಿದ್ದ ದ.ರಾ. ಬೇಂದ್ರೆಯವರು ಧಾರವಾಡದ ಸಾಧನಕೇರಿಯ ತಮ್ಮ ಮನೆಗೆ ಮರಳಿದ್ದೂ ಅದೇ 1956ರಲ್ಲಿ: ಅವರು ಹೊರಟಾಗ ಸೊಲ್ಲಾಪುರವೂ ಧಾರವಾಡವೂ ಒಂದೇ ಪ್ರಾಂತದ ಎರಡು ಊರುಗಳಾಗಿದ್ದವು, ಮರಳಿದ ವರ್ಷವೇ ಅವುಗಳ ನಡುವೆ ರಾಜ್ಯದ ಗಡಿ ಬಿದ್ದಿತು. ಆ ತಲೆಮಾರಿನವರಿಗೆ ರಾಜ್ಯ ಬದಲಾದರೂ ನೆಲ ಪರಿಚಿತವಾಗಿತ್ತು. ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿದೆ, ಹೊಲದ ಬದು ಎಲ್ಲಿ ಮುಗಿಯುತ್ತದೆ, ನೆರೆಮನೆಯವರ ಅಜ್ಜ ಯಾರು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಂದು ಉದ್ಯೋಗ ನಿಮಿತ್ತವಾಗಿ ಅನ್ಯರಾಜ್ಯದಿಂದ ಬಂದು ಇಲ್ಲಿ ನೆಲೆಸಬಯಸುವವನ ಸ್ಥಿತಿ ಇದಕ್ಕೆ ತೀರ ವಿಪರೀತವಾದುದು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ 2003ರಿಂದ ಹುಬ್ಬಳ್ಳಿಯಲ್ಲಿದೆ. ಉಚ್ಚ ನ್ಯಾಯಾಲಯದ ಪೀಠ 2008ರಲ್ಲಿ ಧಾರವಾಡಕ್ಕೆ ಬಂದಿತು. 2009ರಲ್ಲಿ ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯವೂ, 2016ರಲ್ಲಿ ಧಾರವಾಡದಲ್ಲಿ ಐಐಟಿಯೂ ಆರಂಭವಾದವು. ಇವುಗಳೊಡನೆ ಬ್ಯಾಂಕು, ಆಸ್ಪತ್ರೆ, ಕಾರ್ಖಾನೆಗಳ ನೌಕರಿಯನ್ನರಸಿ ಆಂಧ್ರ, ತೆಲಂಗಾಣ, ಮಹಾರಾಷ್ಟ್ರ, ಗೋವೆ, ಕೇರಳಗಳಿಂದಲೂ ದೂರದ ಉತ್ತರದಿಂದಲೂ ಕುಟುಂಬಗಳು ಬರುತ್ತವೆ. ಬಂದವರು ನಕ್ಷೆಯನ್ನು ಹರವಿ ನೋಡಿದಾಗ ಅವರ ಕಣ್ಣು ಸಹಜವಾಗಿಯೇ ಬೀಳುವ ಸ್ಥಳಗಳಲ್ಲಿ ಬೈರಿದೇವರಕೊಪ್ಪ ಒಂದು. ಉಣಕಲ್ಲಿಗೂ ನವನಗರಕ್ಕೂ ನಡುವೆ, ಹಳೆಯ ಪೂನಾ-ಬೆಂಗಳೂರು ರಸ್ತೆಯ ಮೇಲೆ, ಒಂದು ಪಕ್ಕಕ್ಕೆ ಅಮರಗೋಳದ ವಿಶಾಲವಾದ ಕೃಷಿ ಮಾರುಕಟ್ಟೆಯನ್ನಿಟ್ಟುಕೊಂಡ ಈ ಹಳೆಯ ಹಳ್ಳಿ ಈಗ ಮಹಾನಗರದ ಒಂದು ಬಡಾವಣೆಯಾಗಿದೆ. ಗಂಡ ಹುಬ್ಬಳ್ಳಿಯಲ್ಲಿ, ಹೆಂಡತಿ ಧಾರವಾಡದಲ್ಲಿ ದುಡಿಯುವ ಸಂಸಾರಕ್ಕೆ ಇದಕ್ಕಿಂತ ಅನುಕೂಲವಾದ ಮಧ್ಯಸ್ಥಾನ ದುರ್ಲಭ. ಆದ್ದರಿಂದಲೇ ಇಲ್ಲಿ ಮನೆ ಕೊಳ್ಳುವ ಆತುರವೂ ಹೆಚ್ಚು. ಆ ಆತುರವನ್ನು ತುಸು ತಡೆದು, ಮೊದಲು ನಿವಾಸಿಯಾಗಿ ತದನಂತರ ಒಡೆಯನಾಗಬೇಕು ಎಂಬ ವಿವೇಕವನ್ನು ಸಕಾರಣವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಬಂದವರ ಊರು

ಹೊರಗಿನಿಂದ ಬಂದವರು ಹುಬ್ಬಳ್ಳಿ-ಧಾರವಾಡವೆಂಬ ಈ ಅವಳಿ ನಗರಕ್ಕೆ ಹೊಸಬರಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂದು ಅದರ ಕಾರ್ಯಾಗಾರ ಸ್ಥಾಪಿತವಾದಾಗ ತಮಿಳು, ತೆಲುಗು ಸೀಮೆಗಳ ಕುಶಲಕರ್ಮಿಗಳು ಬಂದು ಗದಗ ರಸ್ತೆಯ ಆಚೀಚೆ ನೆಲೆಸಿದರು. ಅರಳೆಯ ವ್ಯಾಪಾರವನ್ನು ಹಿಂಬಾಲಿಸಿ ಗುಜರಾತಿ, ಮಾರವಾಡಿ ವರ್ತಕರು ಬಂದರು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಮುಂಬಯಿಯಿಂದ ಧಾರವಾಡಕ್ಕೆ ಬಂದಾಗ ಅದರ ಬೆನ್ನಹಿಂದೆ ನಾನಾ ಪ್ರಾಂತಗಳ ವಿದ್ವಾಂಸರು ಬಂದರು. ಇವರಲ್ಲಿ ಬಹುಮಂದಿ ಮೊದಲು ರೈಲ್ವೆಯ ಕ್ವಾರ್ಟರ್ಸಿನಲ್ಲೋ, ವಠಾರದ ಬಾಡಿಗೆಯ ಖೋಲಿಯಲ್ಲೋ ವರ್ಷಗಟ್ಟಲೆ ಇದ್ದು, ಊರಿನ ಮಾತು ನಾಲಗೆಗೆ ಹತ್ತಿ, ಮಕ್ಕಳು ಇಲ್ಲಿಯ ಶಾಲೆಗಳಲ್ಲಿ ಓದಿ ದೊಡ್ಡವರಾದ ಮೇಲೆಯೇ ಸ್ವಂತದ ಜಾಗ ಕೊಂಡರು. ಸಾಲ ಸುಲಭವಾಗಿ ದೊರೆಯದ ಆ ಕಾಲದಲ್ಲಿ ಈ ವಿಳಂಬ ಅನಿವಾರ್ಯವಾಗಿದ್ದಿತೆಂಬುದು ನಿಜ. ಆದರೆ ಅನಿವಾರ್ಯವಾಗಿ ಬಂದ ಆ ವಿಳಂಬದಿಂದಲೇ ಅವರಿಗೆ ನೆಲದ ಜ್ಞಾನವೂ ದೊರಕಿತು. ಈಗ ನೌಕರಿಯ ಆದೇಶ ಕೈಸೇರಿದ ತಿಂಗಳಲ್ಲಿಯೇ ಬ್ಯಾಂಕು ಸಾಲ ಮಂಜೂರು ಮಾಡುತ್ತದೆ, ಆದರೆ ಆ ಜ್ಞಾನವನ್ನು ಮಂಜೂರು ಮಾಡುವ ಬ್ಯಾಂಕು ಯಾವುದೂ ಇಲ್ಲ.

ಭಾರತದ ಯಾವ ಭಾಗದಲ್ಲಾದರೂ ವಾಸಿಸುವ, ನೆಲೆಸುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೆಯ ಅನುಚ್ಛೇದ ಪ್ರತಿಯೊಬ್ಬ ನಾಗರಿಕನಿಗೂ ನೀಡಿದೆ. ಹಿಮಾಚಲ ಪ್ರದೇಶದಲ್ಲಿ ಹೊರಗಿನವರು ಭೂಮಿ ಕೊಳ್ಳುವುದಕ್ಕೆ 1972ರ ಕಾಯಿದೆಯ ನಿರ್ಬಂಧವಿರುವಂತೆ ಕರ್ನಾಟಕದಲ್ಲಿ ಮನೆಯನ್ನೋ ನಿವೇಶನವನ್ನೋ ಕೊಳ್ಳುವುದಕ್ಕೆ ಅಂಥ ಅಡ್ಡಿಯಿಲ್ಲ. ಕೃಷಿಕನಲ್ಲದವನು ಕೃಷಿಭೂಮಿ ಕೊಳ್ಳಬಾರದೆಂದಿದ್ದ ಭೂಸುಧಾರಣಾ ಕಾಯಿದೆಯ ಕಲಮುಗಳೂ 2020ರಲ್ಲಿ ರದ್ದಾದವು. ಹೀಗೆ ಹಕ್ಕು ನಿರ್ವಿವಾದವಾಗಿ ಇರುವುದರಿಂದಲೇ, ಆ ಹಕ್ಕನ್ನು ಚಲಾಯಿಸುವ ವಿವೇಕದ ಹೊಣೆ ಕೊಳ್ಳುವವನ ಮೇಲೆಯೇ ಪೂರ್ತಿಯಾಗಿ ಬೀಳುತ್ತದೆ.

ನೆಲ ಮತ್ತು ನೀರು

ಧಾರವಾಡದಿಂದ ಪಶ್ಚಿಮಕ್ಕೆ ಅಳ್ನಾವರ, ಕಲಘಟಗಿಗಳ ಕಡೆ ಹೋದಂತೆ ಮಲೆನಾಡಿನ ಸೆರಗು. ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಗಳ ಕಡೆ ಹೋದಂತೆ ಕಣ್ಣು ಹಾಯುವಷ್ಟು ದೂರವೂ ಎರಿ ಭೂಮಿ. ಧಾರವಾಡದ ಕೆಂಪು ಮಸಾರಿ ನೆಲ ಮಾವಿಗೂ ನವಲೂರಿನ ಪೇರಲಕ್ಕೂ ಹೇಗೆ ಹೇಳಿಮಾಡಿಸಿದ್ದೋ, ಹಾಗೆಯೇ ಪೂರ್ವದ ಕರಿಯ ನೆಲ ಹತ್ತಿಗೂ ಹಿಂಗಾರಿ ಜೋಳಕ್ಕೂ ಹೇಳಿಮಾಡಿಸಿದ್ದು. ಈ ಎರಡರ ಸಂಧಿಪ್ರದೇಶದಲ್ಲಿ ಮನೆ ಕೊಳ್ಳುವವನು ತಾನು ಕೊಳ್ಳುತ್ತಿರುವುದು ಯಾವ ನೆಲವನ್ನು ಎಂಬುದನ್ನು ನಿವೇಶನ ನಿವೇಶನಕ್ಕೂ ವಿಚಾರಿಸಲೇಬೇಕು. ಎರಿಮಣ್ಣಿನ ಜೇಡಿಕಣಗಳು ನೀರನ್ನು ಹೀರಿ ಹಿಗ್ಗುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಗೆಯಲ್ಲಿ ಹೊಲದಲ್ಲಿ ಕೈ ಹೋಗುವಷ್ಟು ಅಗಲವಾಗಿ ಬಿರುಕು ಬಿಡುವ ಆ ಶಕ್ತಿಯೇ ಮನೆಯ ತಳಪಾಯವನ್ನೂ ವರ್ಷಕ್ಕೊಮ್ಮೆ ಎತ್ತಿ ಇಳಿಸುತ್ತದೆ. ‘ಎರಿ ನೆಲ ಮಳಿಗಾಲದಾಗ ಉಬ್ಬತೈತ್ರಿ, ಬ್ಯಾಸಿಗ್ಯಾಗ ಬಿರಿತೈತ್ರಿ’ ಎಂದು ಇಲ್ಲಿಯ ಗೌಂಡಿಗಳು ಹೇಳುವುದು ಈ ವಿಜ್ಞಾನವನ್ನೇ. ಅವರು ಅದಕ್ಕೆ ಪರಿಹಾರವನ್ನೂ ಬಲ್ಲರು: ಎರಿಯನ್ನು ಗಟ್ಟಿ ನೆಲ ಸಿಗುವವರೆಗೆ ತೋಡಿ ತೆಗೆದು, ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ಬಡಿದು, ತಳಪಾಯದ ಮೇಲೂ ಗೋಡೆಯ ನಡುವೆಯೂ ಕಾಂಕ್ರೀಟಿನ ಪಟ್ಟಿ ಕಟ್ಟುವುದು. ಈ ಕೆಲಸಕ್ಕೆ ಹಣವೂ ಸಮಯವೂ ಬೇಕಾಗುವುದರಿಂದ ಮಾರಾಟಕ್ಕೆಂದೇ ಅವಸರವಾಗಿ ಕಟ್ಟಿದ ಮನೆಗಳಲ್ಲಿ ಅದು ನಡೆದಿದೆಯೋ ಇಲ್ಲವೋ ಎಂಬುದು ಹೊಸದಾಗಿ ಬಳಿದ ಬಣ್ಣದ ಮೇಲೆ ಕಾಣುವುದಿಲ್ಲ. ಒಂದು ಬೇಸಗೆ, ಒಂದು ಮಳೆಗಾಲ ಅದೇ ಓಣಿಯಲ್ಲಿ ಬಾಡಿಗೆಗಿದ್ದವನಿಗೆ ನೆರೆಯ ಮನೆಗಳ ಬಾಗಿಲ ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಏರಿದ ಬಿರುಕುಗಳು ಕಂಡೇ ಕಾಣುತ್ತವೆ.

ಮಳೆಯ ನೀರಿಗೆ ತನ್ನದೇ ಆದ ಹಳೆಯ ಹಾದಿಗಳಿವೆ. ಬೈರಿದೇವರಕೊಪ್ಪದ ನೆರೆಯಲ್ಲಿಯೇ ಇರುವ ಉಣಕಲ್ ಕೆರೆ ಒಂದು ಕಾಲಕ್ಕೆ ಹುಬ್ಬಳ್ಳಿಗೆ ಕುಡಿಯುವ ನೀರನ್ನು ಒದಗಿಸಿದ್ದು. ಅದರಿಂದ ಹೊರಟ ನಾಲಾ ನಗರದ ನಡುವೆ ಹರಿಯುತ್ತದೆ, ಕೆರೆಗೆ ನೀರು ತರುವ ಇಳಿಜಾರುಗಳೂ ಹಳ್ಳಗಳೂ ಸುತ್ತಣ ಬಡಾವಣೆಗಳ ಕೆಳಗೆ ಹುದುಗಿವೆ. ಜನವರಿಯ ಒಣ ದಿನಗಳಲ್ಲಿ ನಿವೇಶನ ನೋಡಲು ಬಂದವನಿಗೆ ಅದು ಸಮತಟ್ಟಾದ ಬಯಲಾಗಿ ಕಾಣಬಹುದು. ಆಷಾಢದ ಜಡಿಮಳೆಯಲ್ಲಿ ಅದೇ ಬಯಲು ತಾನು ಯಾರ ಆಸ್ತಿಯೆಂಬುದನ್ನು ಸ್ಪಷ್ಟಪಡಿಸುತ್ತದೆ. ಹಳೆಯ ಸರ್ವೇ ನಕ್ಷೆಯಲ್ಲಿ ಹಳ್ಳವೆಂದು ಗುರುತಾದ ಜಾಗದಲ್ಲಿ ಈಗ ನೀರು ಕಾಣದಿದ್ದರೂ ಅಲ್ಲಿ ಮನೆ ಕೊಳ್ಳಲಾಗದು. ಹಳ್ಳಿಯ ಹಿರಿಯರು ತಮ್ಮ ಮನೆಗಳನ್ನು ಎಲ್ಲಿ ಕಟ್ಟಿಕೊಂಡರು, ಎಲ್ಲಿ ಕಟ್ಟಿಕೊಳ್ಳಲಿಲ್ಲ ಎಂಬುದನ್ನು ಊರೊಳಗೆ ನಡೆದು ನೋಡಿದವನಿಗೆ ಯಾವ ಸಲಹೆಗಾರನಿಗಿಂತ ಉತ್ತಮವಾದ ಸಲಹೆ ಶುಲ್ಕವಿಲ್ಲದೆಯೇ ದೊರೆಯುತ್ತದೆ.

ಕುಡಿಯುವ ನೀರಿನ ಪ್ರಶ್ನೆಯಂತೂ ಈ ನಗರದಲ್ಲಿ ಮನೆಯ ಬೆಲೆಯಷ್ಟೇ ಮುಖ್ಯವಾದುದು. ಸವದತ್ತಿಯ ಬಳಿ ಮಲಪ್ರಭೆಗೆ ಕಟ್ಟಿದ ಜಲಾಶಯದಿಂದ ಹೆಚ್ಚಿನ ಪಾಲೂ, ಕಲಘಟಗಿ ತಾಲೂಕಿನ ನೀರಸಾಗರದಿಂದ ಸ್ವಲ್ಪ ಪಾಲೂ ನೀರು ಇಲ್ಲಿಗೆ ಬರುತ್ತದೆ. ಹಗಲಿರುಳೂ ನಲ್ಲಿಯಲ್ಲಿ ನೀರು ಕೊಡುವ ಪ್ರಯೋಗವು ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ಕೆಲವು ವಲಯಗಳಲ್ಲಿ 2008ರ ಸುಮಾರಿಗೆ ಯಶಸ್ವಿಯಾಗಿ, ದೇಶದಲ್ಲೆಲ್ಲ ಹೆಸರು ಮಾಡಿತು. ಆದರೂ ಅದೇ ನಗರದ ಬೇರೆ ವಾರ್ಡುಗಳಲ್ಲಿ ಹಲವು ದಿನಗಳಿಗೊಮ್ಮೆ ಬರುವ ನೀರಿಗಾಗಿ ಗೃಹಿಣಿಯರು ಕಾದುಕೊಂಡು ಕೂತಿರುವುದೂ ಸತ್ಯವೇ. ಒಂದು ರಸ್ತೆಯ ಈ ಬದಿಗೂ ಆ ಬದಿಗೂ ಈ ವಿಷಯದಲ್ಲಿ ಅಂತರವಿರಬಹುದಾದ್ದರಿಂದ, ‘ಕಾರ್ಪೊರೇಶನ್ ನೀರು ಇದೆ’ ಎಂಬ ಮಾರಾಟಗಾರನ ಮಾತಿಗೆ ತೃಪ್ತನಾಗದೆ, ಎಷ್ಟು ದಿನಕ್ಕೊಮ್ಮೆ, ಎಷ್ಟು ಗಂಟೆ, ಬೇಸಗೆಯಲ್ಲಿ ಹೇಗೆ ಎಂಬುದನ್ನು ಆ ಓಣಿಯ ತಾಯಂದಿರನ್ನೇ ಕೇಳಬೇಕು. ಅವರ ಉತ್ತರದಲ್ಲಿ ಉತ್ಪ್ರೇಕ್ಷೆಯಿರುವುದಿಲ್ಲ. ಕೊಡ ಹಿಡಿದು ಕಾದವರು ಅವರು.

ಕಾಗದಗಳ ಕಥೆ

ನೆಲ, ನೀರುಗಳ ಗುಣವನ್ನು ಕಣ್ಣಿನಿಂದ ಅರಿಯಬಹುದು. ಒಡೆತನದ ಗುಣವನ್ನು ಕಾಗದಗಳಿಂದಲೇ ಅರಿಯಬೇಕು. ಅನ್ಯರಾಜ್ಯದವನು ಅತ್ಯಂತ ಅಸಹಾಯಕನಾಗುವುದೂ ಇಲ್ಲಿಯೇ, ಏಕೆಂದರೆ ಭೂದಾಖಲೆಯ ಪದ್ಧತಿ ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾದುದು. ಬೆಂಗಳೂರಿನ ಕಡೆ ಪಹಣಿಯೆನ್ನುವುದನ್ನು ಇಲ್ಲಿಯ ಜನ ಉತಾರ ಎನ್ನುತ್ತಾರೆ. ಭೂಪರಿವರ್ತನೆಯಾದ ಜಮೀನನ್ನು ಎನ್.ಎ. ಆದದ್ದು ಎನ್ನುತ್ತಾರೆ, ಸಾಲದ ಹೊರೆಯನ್ನು ಬೋಜಾ ಎನ್ನುತ್ತಾರೆ, ಅಣ್ಣತಮ್ಮಂದಿರ ಪಾಲುವಿಭಾಗವನ್ನು ವಾಟ್ನಿ ಎನ್ನುತ್ತಾರೆ, ಹಳೆಯ ಊರಿನ ಭಾಗದಲ್ಲಾದರೆ ಸಿಟಿ ಸರ್ವೇ ನಂಬರು ಮತ್ತು ಪ್ರಾಪರ್ಟಿ ಕಾರ್ಡು ಪ್ರಧಾನವಾಗುತ್ತವೆ. ಮುಂಬಯಿ ಆಡಳಿತದ ಕಾಲದಿಂದ ಬಂದ ಈ ಪರಿಭಾಷೆಯನ್ನು ಕಲಿಯದೆ ಕಚೇರಿಯ ಮೆಟ್ಟಿಲು ಹತ್ತಿದವನು ದಲಾಲಿಯ ಕೈಗೊಂಬೆಯಾಗುವುದು ಸ್ವಾಭಾವಿಕ.

ಮೊದಲನೆಯ ಪ್ರಶ್ನೆ ಭೂಪರಿವರ್ತನೆಯದು. ನಗರದ ಅಂಚಿನಲ್ಲಿರುವ ಬಡಾವಣೆಗಳೆಲ್ಲವೂ ಒಂದು ಕಾಲಕ್ಕೆ ಹೊಲಗಳೇ. 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಹೊಲವನ್ನು ಕೃಷಿಯೇತರವೆಂದು ಪರಿವರ್ತಿಸಿ, ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದಿಂದ, ಅಂದರೆ ಜನರ ಬಾಯಲ್ಲಿ ಹುಡಾದಿಂದ, ಬಡಾವಣೆಯ ನಕ್ಷೆಗೆ ಮಂಜೂರಾತಿ ಪಡೆದ ಮೇಲೆಯೇ ಅದನ್ನು ನಿವೇಶನಗಳಾಗಿ ಮಾರತಕ್ಕದ್ದು. ಈ ಕ್ರಮವನ್ನು ತಪ್ಪಿಸಿ ಹೊಲವನ್ನೇ ಗುಂಟೆಗಳಾಗಿ ತುಂಡರಿಸಿ ಮಾರುವ ರೂಢಿ ನಗರದ ಅಂಚುಗಳಲ್ಲಿ ಬಹುಕಾಲದಿಂದ ಇದೆ. 33 ಅಡಿ ಉದ್ದ, 33 ಅಡಿ ಅಗಲದ ಒಂದು ಗುಂಟೆ 1,089 ಚದರಡಿಯಾಗುತ್ತದೆ. ಚಿಕ್ಕ ಸಂಸಾರದ ಮನೆಗೆ ಅದು ಅಳೆದು ಕೊಟ್ಟಂತೆ ಹೊಂದುವುದರಿಂದಲೂ, ಮಂಜೂರಾದ ನಿವೇಶನಕ್ಕಿಂತ ಬೆಲೆ ಬಹಳ ಕಡಿಮೆಯಿರುವುದರಿಂದಲೂ ಬಡವರೂ ಹೊಸಬರೂ ಅದರತ್ತ ಆಕರ್ಷಿತರಾಗುತ್ತಾರೆ. ಆದರೆ ಆ ನಿವೇಶನಕ್ಕೆ ಕಾನೂನುಬದ್ಧವಾದ ರಸ್ತೆಯಿಲ್ಲ, ಗಟಾರವಿಲ್ಲ, ಕಟ್ಟಡದ ಪರವಾನಿಗೆಯಿಲ್ಲ, ಬ್ಯಾಂಕಿನ ಸಾಲವೂ ಇಲ್ಲ. ಜೀವಮಾನದ ಉಳಿತಾಯವನ್ನು ಅಂಥ ಜಾಗಕ್ಕೆ ಸುರಿದವರು ಸಕ್ರಮದ ಆಸೆಯಲ್ಲಿ ದಶಕಗಳನ್ನು ಕಳೆಯುತ್ತಾರೆ.

ಎರಡನೆಯದು ಜಮೀನಿನ ಪೂರ್ವಚರಿತ್ರೆ. ಕರ್ನಾಟಕದ ಭೂಸುಧಾರಣೆಯು 1974ರ ಮಾರ್ಚ್ 1ರಂದು ಗೇಣಿಯ ಜಮೀನುಗಳನ್ನೆಲ್ಲ ಸರಕಾರಕ್ಕೆ ನಿಹಿತಗೊಳಿಸಿ, ಉಳುವವರಿಗೆ ಅಧಿಭೋಗದ ಹಕ್ಕನ್ನು ಕೊಟ್ಟಿತು. ಹಾಗೆ ದೊರೆತ ಜಮೀನನ್ನು 15 ವರ್ಷಗಳವರೆಗೆ ಪರಭಾರೆ ಮಾಡಬಾರದೆಂಬ ನಿಬಂಧನೆಯಿದ್ದಿತು. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಸರಕಾರ ಮಂಜೂರು ಮಾಡಿದ ಭೂಮಿಯನ್ನು ಸರಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ ಆ ಖರೀದಿ ಅಸಿಂಧುವೆಂದು 1978ರ ಕಾಯಿದೆ ಹೇಳುತ್ತದೆ. ಅದನ್ನು ಮರಳಿ ಕೊಡಿಸಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ. ದುರ್ಬಲರ ಕೈಯಿಂದ ನೆಲ ಜಾರಿಹೋಗದಿರಲೆಂದು ಮಾಡಿದ ಈ ಕಾಯಿದೆಗಳು ನ್ಯಾಯಸಮ್ಮತವಾದವು. ಅವನ್ನು ಮುಚ್ಚಿಟ್ಟು ಮಾರುವವನಿಗೆ ಅಪರಿಚಿತನಾದ ಪರರಾಜ್ಯದವನೇ ಸುಲಭದ ಗಿರಾಕಿಯಾದ್ದರಿಂದ, 30 ವರ್ಷಗಳಿಗೆ ಕಡಿಮೆಯಿಲ್ಲದ ದಾಖಲೆಗಳನ್ನು, ಸಾಧ್ಯವಾದರೆ ಕೈಬರಹದ ಹಳೆಯ ಉತಾರಗಳನ್ನೂ ಮೂಲ ಮಂಜೂರಾತಿಯನ್ನೂ, ಮಾರಾಟಗಾರನ ಸಂಬಂಧವಿಲ್ಲದ ವಕೀಲರಿಂದ ಓದಿಸಬೇಕು.

ಮೂರನೆಯದು ವಾಟ್ನಿಯ ಪ್ರಶ್ನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಅಣ್ಣತಮ್ಮಂದಿರು ಸಹಿ ಹಾಕಿದರೆ ಸಾಕೆಂದು ಭಾವಿಸುವವರು ಈಗಲೂ ಇದ್ದಾರೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಾನ ಹಕ್ಕನ್ನು ಕೊಟ್ಟಿತು. ತಂದೆ ಆ ತಿದ್ದುಪಡಿ ಜಾರಿಗೆ ಬಂದ ದಿನಕ್ಕೆ ಜೀವಂತನಿರಬೇಕೆಂಬ ನಿಬಂಧನೆಯಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆದ್ದರಿಂದ ಮದುವೆಯಾಗಿ ದೂರದೂರಿಗೆ ಹೋದ ಅಕ್ಕತಂಗಿಯರ ಒಪ್ಪಿಗೆಯಿಲ್ಲದೆ ಕೊಂಡ ಮನೆ ದಾವೆಯೊಂದಿಗೆ ಕೊಂಡ ಮನೆಯೇ ಸರಿ. ಯಾವ ಮನೆತನದಲ್ಲಿ ಎಷ್ಟು ಮಂದಿ ಹೆಣ್ಣುಮಕ್ಕಳಿದ್ದಾರೆಂಬುದು ಕಚೇರಿಯ ಗಣಕದಲ್ಲಿ ಸುಲಭವಾಗಿ ಸಿಗಲಾರದು. ಓಣಿಯಲ್ಲಿ ವರ್ಷವೊಪ್ಪತ್ತು ಬಾಳಿದವನಿಗೆ ಅದು ಕಟ್ಟೆಯ ಮೇಲಣ ಮಾತುಕತೆಯಲ್ಲಿಯೇ ತಿಳಿದುಬರುತ್ತದೆ.

ಇವು ತೀರ್ಮಾನವಾದ ಮೇಲೆ ಉಳಿದ ಕ್ರಮಗಳು ಸರಳ. ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಖರೀದಿಪತ್ರದಿಂದಲೇ ಆಗತಕ್ಕದ್ದು. ಮುಖ್ತ್ಯಾರಪತ್ರದ ಮೂಲಕ ಆದ ಮಾರಾಟದಿಂದ ಒಡೆತನ ವರ್ಗಾವಣೆಯಾಗದೆಂದು 2011ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಮುದ್ರಾಂಕಕ್ಕೆ ಸಾಮಾನ್ಯವಾಗಿ ಶೇಕಡಾ 5, ಅದರ ಮೇಲೆ ಉಪಕರಗಳು, 2025ರ ಆಗಸ್ಟ್ ಅಂತ್ಯದಿಂದ ನೋಂದಣಿ ಶುಲ್ಕ ಶೇಕಡಾ 2, ಈ ವೆಚ್ಚವನ್ನು ಬೆಲೆಯ ಜೊತೆಗೇ ಎಣಿಸಿಟ್ಟುಕೊಳ್ಳಬೇಕು. 2024ರ ಅಕ್ಟೋಬರಿನಿಂದ ನಗರಗಳಲ್ಲಿ ಇ-ಖಾತೆಯಿಲ್ಲದೆ ನೋಂದಣಿಯಾಗದು. ಆದರೆ ಖಾತೆಯೆಂಬುದು ಕರ ಕಟ್ಟುವವನ ಗುರುತೇ ಹೊರತು ಒಡೆತನಕ್ಕೆ ಪ್ರಮಾಣವಲ್ಲ. ಫ್ಲ್ಯಾಟು ಕೊಳ್ಳುವವನು, 500 ಚದರ ಮೀಟರಿಗೆ ಮೀರಿದ ನೆಲದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಯಾದರೆ ಅದು ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಣಿಯಾಗಿದೆಯೇ ಎಂದು ನೋಡಬೇಕು; ನೋಂದಾಯಿತ ಕರಾರಿಗೆ ಮುನ್ನ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಕೇಳುವ ಅಧಿಕಾರ ಕಟ್ಟುವವನಿಗಿಲ್ಲ.

ರಸ್ತೆ, ಶಾಲೆ, ನೆರೆ

1962ರಲ್ಲಿ ಹುಬ್ಬಳ್ಳಿ-ಧಾರವಾಡಗಳನ್ನು ಒಂದೇ ಮಹಾನಗರಪಾಲಿಕೆಯಲ್ಲಿ ಕೂಡಿಸಿದಾಗ ಆ ಎರಡರ ನಡುವೆ ಸುಮಾರು 20 ಕಿಲೋಮೀಟರಿನಷ್ಟು ಹೊಲ, ತೋಟ, ಹಳ್ಳಿಗಳಿದ್ದವು. 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ತ್ವರಿತ ಬಸ್ ಸಾರಿಗೆಯ ‘ಚಿಗರಿ’ ಬಸ್ಸುಗಳು ತಮಗಾಗಿಯೇ ಮೀಸಲಾದ ಹಾದಿಯಲ್ಲಿ ಓಡುತ್ತ ಆ ಅಂತರವನ್ನು ಕಿರಿದಾಗಿಸಿವೆ. ಬೈರಿದೇವರಕೊಪ್ಪಕ್ಕೂ ತನ್ನದೇ ನಿಲ್ದಾಣ ದೊರೆತಿದೆ. ಆದರೆ ವೇಗದ ಬಸ್ಸುಗಳು ಎಲ್ಲ ನಿಲ್ದಾಣಗಳಲ್ಲಿಯೂ ನಿಲ್ಲುವುದಿಲ್ಲ. ಅಗಲವಾದ ರಸ್ತೆಯನ್ನು ಮುದುಕರೂ ಮಕ್ಕಳೂ ದಾಟುವ ಬಗೆಯೂ ಸುಲಭವಲ್ಲ. ಮನೆಯ ಬಾಗಿಲಿನಿಂದ ನಿಲ್ದಾಣದವರೆಗೆ, ಅಲ್ಲಿಂದ ಕಚೇರಿಯವರೆಗೆ ಮುಂಜಾನೆಯ ಹೊತ್ತಿನಲ್ಲಿ ತಾನೇ ಕೆಲವು ದಿನ ಹೋಗಿಬಂದವನಿಗೆ ಮಾತ್ರ ನಕ್ಷೆಯ ದೂರವು ನಿತ್ಯಜೀವನದಲ್ಲಿ ಎಷ್ಟಾಗುತ್ತದೆಂಬುದು ಮನವರಿಕೆಯಾಗುತ್ತದೆ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು 2025ರ ಜನವರಿಯಲ್ಲಿ ಸಚಿವ ಸಂಪುಟ ಸಮ್ಮತಿಸಿದ ಮೇಲೆ, ನಡುವಣ ಬಡಾವಣೆಗಳಲ್ಲಿ ಕೊಳ್ಳುವವನು ತನ್ನ ಕರ, ನೀರು, ಪರವಾನಿಗೆಗಳ ವ್ಯವಹಾರ ಯಾವ ಕಚೇರಿಗೆ ಸೇರುವುದೆಂಬುದನ್ನೂ ವಿಚಾರಿಸಿಕೊಳ್ಳಬೇಕಾಗಿದೆ.

ಬಂದ ಸಂಸಾರ ಎದುರಿಸಬೇಕಾದ ಇನ್ನೆರಡು ಸಂಗತಿಗಳಿವೆ. ಹೊರರಾಜ್ಯದ ವಾಹನವನ್ನು 12 ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನೋಂದಣಿ ಪಡೆಯಬೇಕು. ಮಕ್ಕಳಿಗೆ ವೃತ್ತಿಶಿಕ್ಷಣದ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ರಾಜ್ಯದ ಸೀಟು ದೊರೆಯಬೇಕಾದರೆ ಸಾಮಾನ್ಯವಾಗಿ 7 ವರ್ಷ ಕರ್ನಾಟಕದಲ್ಲಿ ಓದಿರಬೇಕೆಂಬ ನಿಯಮವಿದೆ. ಹೀಗಾಗಿ ಮಗು ಎಷ್ಟನೆಯ ಇಯತ್ತೆಯಲ್ಲಿರುವಾಗ ಬರುವೆವೆಂಬುದು ಮನೆಯ ಬೆಲೆಗಿಂತ ದೊಡ್ಡ ನಿರ್ಧಾರವಾಗಬಹುದು. ಶಾಲೆಯಲ್ಲಿ ಕನ್ನಡ ಕಲಿಯುವುದನ್ನು ಭಾರವೆಂದು ಬಗೆಯದೆ, ತಾಯಿತಂದೆಯರೂ ಮಕ್ಕಳ ಜೊತೆಯಲ್ಲಿ ಕೂತು ಕಲಿತರೆ, ‘ಬರ್ರಿ, ಕುಂದರ್ರಿ, ಚಾ ತಗೋರಿ’ ಎಂದು ಕರೆಯುವ ಈ ಸೀಮೆಯ ಮನಸ್ಸು ತಾನಾಗಿ ತೆರೆದುಕೊಳ್ಳುತ್ತದೆ. ತೆಲುಗು, ತಮಿಳು, ಮರಾಠಿ, ಉರ್ದು, ಗುಜರಾತಿಗಳನ್ನು ಮನೆಯೊಳಗೆ ಆಡುತ್ತಲೇ ಹೊರಗೆ ಹುಬ್ಬಳ್ಳಿಯ ಕನ್ನಡವನ್ನು ತಮ್ಮದಾಗಿಸಿಕೊಂಡ ನೂರಾರು ಮನೆತನಗಳು ಇದಕ್ಕೆ ಸಾಕ್ಷಿಯಾಗಿವೆ.

11 ತಿಂಗಳ ಬಾಡಿಗೆ ಕರಾರಿನಲ್ಲಿ ಒಂದು ಮುಂಗಾರು, ಒಂದು ಹಿಂಗಾರು, ಒಂದು ಬೇಸಗೆ ಬಹುಮಟ್ಟಿಗೆ ಅಡಗಿಹೋಗುತ್ತವೆ. ಆ ಅವಧಿಯಲ್ಲಿ ಕೊಟ್ಟ ಬಾಡಿಗೆಯನ್ನು ವ್ಯರ್ಥವೆಂದು ಗಣಿಸುವವರು, ತಪ್ಪಾದ ಮನೆಯ ಮೇಲೆ 20 ವರ್ಷ ಕಟ್ಟಬೇಕಾದ ಕಂತನ್ನು ಅದರೊಡನೆ ತೂಗಿ ನೋಡಬೇಕು. ಅಷ್ಟರಲ್ಲಿ ಬೆಲೆ ಏರಿದರೆ ಏನು ಗತಿ ಎಂಬ ಆಕ್ಷೇಪಕ್ಕೆ ಅರ್ಥವಿಲ್ಲದಿಲ್ಲ, ಬೆಲೆ ಏರಬಹುದು. ಆದರೆ ಏರಿದ ಬೆಲೆಯ ಹೊರೆಯನ್ನು ದುಡಿದು ಇಳಿಸಬಹುದು, ಬಿರಿದ ತಳಪಾಯದ, ಬತ್ತಿದ ನಲ್ಲಿಯ, ವಿವಾದಗ್ರಸ್ತವಾದ ಉತಾರದ ಹೊರೆಯನ್ನು ಹಾಗೆ ಇಳಿಸಲಾಗದು.

ಇದರಲ್ಲಿ ಬರುವವನ ಕರ್ತವ್ಯವಿರುವಂತೆಯೇ ಊರಿನ ಕರ್ತವ್ಯವೂ ಇದೆ. ಯಾವ ಬಡಾವಣೆ ಮಂಜೂರಾದದ್ದು, ಯಾವುದು ಆಗದ್ದು, ಎಲ್ಲಿ ಹಳ್ಳ ಹರಿಯುತ್ತದೆ, ಯಾವ ವಾರ್ಡಿಗೆ ಎಷ್ಟು ದಿನಕ್ಕೊಮ್ಮೆ ನೀರು ಎಂಬುದನ್ನು ಪಾಲಿಕೆಯೂ ಹುಡಾವೂ ಕನ್ನಡದಲ್ಲಿ, ಸರ್ವರೂ ಓದಬಲ್ಲಂತೆ, ಒಂದೊಂದು ನಿವೇಶನಕ್ಕೂ ಪ್ರಕಟಿಸಿದರೆ ದಲಾಲಿಗಳ ಮಾತಿಗೆ ಬೆಲೆ ತಗ್ಗುವುದು, ಪರವೂರಿನವನೂ ಇಲ್ಲಿಯೇ ಹುಟ್ಟಿದ ಬಡವನೂ ಸಮಾನವಾಗಿ ರಕ್ಷಣೆ ಪಡೆಯುವರು. ತನ್ನ ರಾಜ್ಯಕ್ಕಾಗಿ ಹಿಂದಿನ ತಲೆಮಾರು ಅಷ್ಟೊಂದು ಕಷ್ಟಪಟ್ಟ ಈ ಸೀಮೆಯಲ್ಲಿ, ಆ ರಾಜ್ಯವನ್ನು ತನ್ನದೆಂದು ನಂಬಿ ಬಂದವನಿಗೆ ಸತ್ಯವಾದ ಮಾಹಿತಿಯನ್ನೂ ಭದ್ರವಾದ ನೆಲೆಯನ್ನೂ ಕೊಡುವುದು ಆ ಹೋರಾಟದ ಮುಂದುವರಿಕೆಯೇ ಆಗುತ್ತದೆ. ಆ ನಂಬಿಕೆಗೆ ಪ್ರತಿಯಾಗಿ ಇಲ್ಲಿಯ ಮಾತನ್ನು ಕಲಿತು, ಇಲ್ಲಿಯ ನೆಲವನ್ನು ಅರಿತು, ಆಮೇಲೆ ಮನೆ ಕೊಳ್ಳುವುದು ಬಂದವನ ಋಣಸಂದಾಯ.